ಗೊರೂರಿನ ಕೆಂಪು ನೀರು, ಮನೆಯ ತಿಳಿ ನೀರು

ಹಾಸನದಿಂದ ಅರಕಲಗೂಡಿನ ಕಡೆಗೆ ಹೋಗುವ ಬಸ್ಸು ಹತ್ತಿದರೆ ಒಂದು ಗಂಟೆಯೊಳಗೆ ಗೊರೂರು ಸಿಗುತ್ತದೆ. ಕನ್ನಡ ಓದುವವರಿಗೆ ಈ ಹೆಸರು ಹೊಸದಲ್ಲ. 1904ರಲ್ಲಿ ಇಲ್ಲಿ ಹುಟ್ಟಿದ ರಾಮಸ್ವಾಮಿ ಅಯ್ಯಂಗಾರರು ಊರಿನ ಹೆಸರಿನಿಂದಲೇ ನಾಡಿಗೆಲ್ಲ ಪರಿಚಿತರಾದರು. ತಮ್ಮ ಒಂದು ಕಾದಂಬರಿಗೆ ಊರ ಹೊಳೆಯ ಹೆಸರನ್ನೇ ಇಟ್ಟರು, ‘ಹೇಮಾವತಿ’ ಎಂದು. ಸಾಮಾನ್ಯ ಜನರಿಗೂ ಎಟಕುವ ದರದಲ್ಲಿ ವಿಮಾನ ಹಾರಿಸಿದ ಕ್ಯಾಪ್ಟನ್ ಗೋಪಿನಾಥ್ ಬೆಳೆದದ್ದೂ ಇದೇ ಊರಿನಲ್ಲಿ. ಆದರೆ ನಾನು ನಿಮ್ಮನ್ನು ಇಲ್ಲಿಗೆ ಕರೆದುಕೊಂಡು ಬಂದದ್ದು ಸಾಹಿತ್ಯದ ಮಾತಿಗಲ್ಲ, ವಿಮಾನದ ಮಾತಿಗೂ ಅಲ್ಲ. ಇಲ್ಲಿಯ ನೀರನ್ನು ತೋರಿಸುವುದಕ್ಕೆ. ನಿಮ್ಮ ಮನೆಯ ಹಾಲ್‌ನಲ್ಲಿ ಗಾಜಿನ ತೊಟ್ಟಿಯೊಂದಿದ್ದು, ಅದರಲ್ಲಿ ವಾರಕ್ಕೊಂದು ಮೀನು ಸಾಯುತ್ತಿದ್ದರೆ, ಈ ಪ್ರಯಾಣ ವ್ಯರ್ಥವಾಗಲಾರದು.

ಜುಲೈ ತಿಂಗಳಲ್ಲಿ ಬಂದು ನೋಡಿ. ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹಿಡಿದಿರುತ್ತದೆ. ಬಲ್ಲಾಳರಾಯನ ದುರ್ಗದ ಹತ್ತಿರ ಹುಟ್ಟುವ ಹೇಮಾವತಿ ಕಾಫಿ ತೋಟಗಳ ಮಣ್ಣನ್ನೂ ಗದ್ದೆಗಳ ಮಣ್ಣನ್ನೂ ಹೊತ್ತುಕೊಂಡು ಬರುತ್ತಾಳೆ. ಬೇಲೂರಿನ ಕಡೆಯಿಂದ ಬರುವ ಯಗಚಿಯೂ ಗೊರೂರಿನ ಸಮೀಪವೇ ಅವಳನ್ನು ಸೇರುತ್ತಾಳೆ. ಆಗ ನೀರಿನ ಬಣ್ಣ ಹಾಲು ಹೆಚ್ಚಾದ ಚಹಾದ ಹಾಗಿರುತ್ತದೆ. ಒಂದು ಲೋಟದಲ್ಲಿ ಹಿಡಿದರೆ ತಳ ಕಾಣುವುದಿಲ್ಲ. ಆದರೂ ಆ ನೀರಿನಲ್ಲಿ ಮೀನುಗಳು ಚೆನ್ನಾಗಿಯೇ ಬದುಕಿರುತ್ತವೆ, ಮರಿಯನ್ನೂ ಮಾಡುತ್ತವೆ. ಅತ್ತ ನಿಮ್ಮ ಮನೆಯ ತೊಟ್ಟಿಯ ನೀರು ಕನ್ನಡಿಯಂತೆ ತಿಳಿಯಾಗಿದೆ. ಅದರೊಳಗಿನ ಗೋಲ್ಡ್‌ಫಿಶ್ ಮಾತ್ರ ಮೇಲೆ ಬಂದು ಬಾಯಿ ಬಿಡುತ್ತಿದೆ. ಇದು ಹೇಗೆ?

ನೀರು ತಿಳಿಯಾಗಿರುವುದು ಬೇರೆ, ಶುದ್ಧವಾಗಿರುವುದು ಬೇರೆ. ಫಿಲ್ಟರ್ ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ಯಾರೂ ಇದನ್ನು ಬಿಡಿಸಿ ಹೇಳುವುದಿಲ್ಲ. ಗೊರೂರಿನಲ್ಲಿ ಅರ್ಧ ದಿನ ಅಡ್ಡಾಡಿದರೆ ಎರಡನ್ನೂ ಬೇರೆ ಬೇರೆಯಾಗಿ ಕಣ್ಣಾರೆ ನೋಡಬಹುದು.

ಮೊದಲು ಅಣೆಕಟ್ಟಿನ ಬಳಿಗೆ ಹೋಗೋಣ. 1979ರಲ್ಲಿ ಮುಗಿದ ಈ ಕಟ್ಟೆಯ ಉದ್ದ 4,692 ಮೀಟರ್. ಹೆಚ್ಚಿನ ಭಾಗ ಮಣ್ಣಿನ ಏರಿ. ತುಂಬಿದಾಗ 37 ಟಿಎಂಸಿಗೂ ಸ್ವಲ್ಪ ಹೆಚ್ಚು ನೀರು ನಿಲ್ಲುತ್ತದೆ. ಲೀಟರಿನಲ್ಲಿ ಹೇಳುವುದಾದರೆ ಒಂದು ಲಕ್ಷ ಕೋಟಿಗೂ ಮೇಲೆ. ಗರಿಷ್ಠ ಮಟ್ಟ 2,922 ಅಡಿ. ಮಳೆಗಾಲದಲ್ಲಿ ಹಾಸನದ ಚಹಾ ಅಂಗಡಿಗಳಲ್ಲಿ ಈ ಅಂಕೆಯೇ ಮಾತು. ಇವತ್ತು ಎಷ್ಟು ಅಡಿಯಾಯಿತು, ಎಷ್ಟು ಕ್ಯೂಸೆಕ್ ಬರುತ್ತಿದೆ ಎಂದು ಜನ ಕೇಳಿಕೊಳ್ಳುತ್ತಾರೆ. ಇಲ್ಲಿಂದ ಹೊರಟ ನಾಲೆಗಳು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳಿಗೆ ಹೋಗುತ್ತವೆ. ತುಮಕೂರು ಪಟ್ಟಣದ ಮನೆಗಳ ನಲ್ಲಿಯಲ್ಲಿ ಬರುವುದೂ ಇದೇ ನೀರು.

ಕಟ್ಟೆಗೆ ಬಂದು ಮುಟ್ಟಿದ ಕೆಂಪು ನೀರು ಏನಾಗುತ್ತದೆ ಎಂಬುದನ್ನು ಗಮನಿಸಿ. ಓಡುತ್ತಿದ್ದ ಹೊಳೆ ಹಿನ್ನೀರಿನಲ್ಲಿ ನಿಧಾನವಾಗುತ್ತದೆ. ನಿಧಾನವಾದ ಕೂಡಲೇ ಹೊತ್ತು ತಂದದ್ದನ್ನು ಕೆಳಗಿಳಿಸುತ್ತದೆ. ಮೊದಲು ಮರಳು, ಆಮೇಲೆ ಮಣ್ಣು, ಕೊನೆಗೆ ನಯವಾದ ಜೇಡಿ. ಇದನ್ನು ನೋಡಲು ಶೆಟ್ಟಿಹಳ್ಳಿಗೆ ಹೋಗಬೇಕು. ಅಲ್ಲಿ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚ್ ಇದೆ. ಅಣೆಕಟ್ಟು ಬಂದ ಮೇಲೆ ಊರಿನವರು ಜಾಗ ಬಿಟ್ಟು ಹೋದರು. ಮಳೆಗಾಲದಲ್ಲಿ ಚರ್ಚಿನ ಅರ್ಧ ಗೋಡೆ ನೀರಿನಲ್ಲಿರುತ್ತದೆ, ಬೇಸಿಗೆಯಲ್ಲಿ ನಡೆದುಕೊಂಡೇ ಹತ್ತಿರ ಹೋಗಬಹುದು. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನೀವು ಸ್ವಲ್ಪ ಕಾಲ ಕೆಳಗಡೆಯೂ ನೋಡಿ. ನೀರು ಇಳಿದ ಜಾಗದಲ್ಲಿ ಒಡೆದು ಹೆಂಚಿನಂತಾದ ಮಣ್ಣಿನ ಪದರ, ಹೊಳೆ ಬಿಟ್ಟು ಹೋದದ್ದು. (ನೆಲ ಕಳೆದುಕೊಂಡವರ ಕಥೆ ಬೇರೆಯೇ ಇದೆ. ಗೋಪಿನಾಥ್ ಅವರ ಕುಟುಂಬದ ಜಮೀನೂ ಮುಳುಗಿ, ಬದಲಿಗೆ ಜಾವಗಲ್ ಹತ್ತಿರ ಬರಡು ಭೂಮಿ ಸಿಕ್ಕಿತು. ಅವರು ಬೇಸಾಯ ಶುರು ಮಾಡಿದ್ದು ಅಲ್ಲಿ.)

ಅಂದರೆ ಕಟ್ಟೆ ನೀರನ್ನು ತಿಳಿ ಮಾಡುತ್ತದೆ. ಅಕ್ವೇರಿಯಂ ಫಿಲ್ಟರಿನ ಮೊದಲ ಕೆಲಸವೂ ಇಷ್ಟೇ. ನೀರನ್ನು ಎಳೆದುಕೊಂಡು, ಸ್ಪಂಜಿನಲ್ಲೋ ಬಿಳಿ ಹತ್ತಿಯಂಥ ಉಣ್ಣೆಯಲ್ಲೋ ಕಸವನ್ನು ತಡೆದು, ತಿಳಿಯಾದ ನೀರನ್ನು ಹೊರಗೆ ಬಿಡುವುದು. ಈ ಕೆಲಸವನ್ನು ಅಗ್ಗದ ಫಿಲ್ಟರೂ ಮಾಡುತ್ತದೆ, ದುಬಾರಿಯದೂ ಮಾಡುತ್ತದೆ. ಆದರೆ ಮೀನನ್ನು ಕೊಲ್ಲುವುದು ಕಣ್ಣಿಗೆ ಕಾಣುವ ಕಸವಲ್ಲ.

ಇನ್ನು ಕಟ್ಟೆಯ ಕೆಳಗಿನ ಹೊಳೆಯನ್ನು ನೋಡೋಣ. ಗೇಟು ತೆಗೆದಿರುವಾಗ ಖಂಡಿತ ಇಳಿಯಬೇಡಿ, ಮಕ್ಕಳನ್ನಂತೂ ದಡದ ಹತ್ತಿರ ಬಿಡಲೇಬೇಡಿ. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ, ಊರಿನವರು ಸುರಕ್ಷಿತ ಎಂದು ತೋರಿಸಿದ ಕಡೆ ಕಾಲು ಅದ್ದಿ ನಿಲ್ಲಿ. ಒಂದು ಕಲ್ಲನ್ನು ಮುಟ್ಟಿ ನೋಡಿ, ಕೈ ಜಾರುತ್ತದೆ. ಈ ಲೋಳೆಯನ್ನು ನಾವು ಪಾಚಿ ಎಂದು ಕರೆದು ಮುಖ ಸಿಂಡರಿಸುತ್ತೇವೆ. ಅದರಲ್ಲಿ ಪಾಚಿಯೂ ಇದೆ, ಕೋಟ್ಯಂತರ ಬ್ಯಾಕ್ಟೀರಿಯಾಗಳೂ ಇವೆ. ಹೊಳೆಯ ನಿಜವಾದ ಫಿಲ್ಟರ್ ಅದು.

ಮೀನು ಉಸಿರಾಡುವಾಗ ಅದರ ಕಿವಿರಿನಿಂದ ಅಮೋನಿಯಾ ಹೊರಬರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾ. ಇದಕ್ಕೆ ಬಣ್ಣವಿಲ್ಲ. ತೊಟ್ಟಿಯ ನೀರು ಎಷ್ಟು ತಿಳಿಯಾಗಿದ್ದರೂ ಅದರಲ್ಲಿ ಅಮೋನಿಯಾ ತುಂಬಿರಬಹುದು. ಕಲ್ಲಿನ ಲೋಳೆಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೈಟೂ ವಿಷವೇ. ಅದು ಮೀನಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯನ್ನು ಕಳೆಯುತ್ತದೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟಿನಿಂದ ಅಷ್ಟು ಅಪಾಯವಿಲ್ಲ. ಗಿಡಗಳು ಅದನ್ನು ಗೊಬ್ಬರವಾಗಿ ಹೀರುತ್ತವೆ, ಉಳಿದದ್ದು ಹರಿದು ಹೋಗುತ್ತದೆ. ಹೇಮಾವತಿಯಲ್ಲಿ ನೀರಿನ ಪ್ರಮಾಣವೂ ಅಗಾಧ, ಕಲ್ಲುಗಳೂ ಲೆಕ್ಕವಿಲ್ಲದಷ್ಟು, ಹರಿವೂ ನಿಲ್ಲುವುದಿಲ್ಲ. ಆದ್ದರಿಂದಲೇ ಕೆಂಪು ನೀರಿನಲ್ಲೂ ಮೀನು ಬದುಕುತ್ತದೆ. ನಿಮ್ಮ ತೊಟ್ಟಿಯಲ್ಲಿರುವುದು ಐವತ್ತು ಲೀಟರ್. ಕಲ್ಲಿಲ್ಲ, ಹರಿವಿಲ್ಲ.

ಈ ಲೋಳೆಯ ಬೆಲೆ ಜಗತ್ತಿಗೆ ಗೊತ್ತಾದದ್ದು ಮೀನಿನಿಂದಲ್ಲ, ಮನುಷ್ಯರ ಸಾವಿನಿಂದ. ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಪಟ್ಟಣದಲ್ಲಿ 1804ರಲ್ಲಿ, ಲಂಡನ್ನಿನ ಚೆಲ್ಸಿಯಲ್ಲಿ 1829ರಲ್ಲಿ ಹೊಳೆಯ ನೀರನ್ನು ಮರಳಿನ ಹಾಸಿನ ಮೂಲಕ ನಿಧಾನವಾಗಿ ಇಳಿಸಿ ಜನರಿಗೆ ಕೊಡುವ ಏರ್ಪಾಡು ಆಯಿತು. ನೀರು ತಿಳಿಯಾಗಲಿ ಎಂಬುದಷ್ಟೇ ಆಗಿನ ಉದ್ದೇಶ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರಕ್ಕೆ ಕಾಲರಾ ಬಂತು. 8 ಸಾವಿರಕ್ಕೂ ಹೆಚ್ಚು ಜನ ಸತ್ತರು. ಪಕ್ಕದಲ್ಲೇ ಇದ್ದ ಆಲ್ಟೋನಾ ಪಟ್ಟಣ ಅದೇ ಎಲ್ಬ್ ನದಿಯ ನೀರನ್ನು, ಅದೂ ಹ್ಯಾಂಬರ್ಗಿನ ಕೊಳಚೆ ಸೇರಿದ ಮೇಲಿನ ನೀರನ್ನು ಕುಡಿಯುತ್ತಿತ್ತು. ಅಲ್ಲಿ ಕಾಲರಾ ಹರಡಲಿಲ್ಲ. ಆಲ್ಟೋನಾದಲ್ಲಿ ಮರಳಿನ ಫಿಲ್ಟರ್ ಇತ್ತು, ಹ್ಯಾಂಬರ್ಗಿನಲ್ಲಿ ಇರಲಿಲ್ಲ. ಅಂಥ ಫಿಲ್ಟರಿನಲ್ಲಿ ಹೆಚ್ಚಿನ ಕೆಲಸ ಮಾಡುವುದು ಮರಳಿನ ಮೇಲೆ ಬೆಳೆಯುವ ಜೀವಂತ ಪದರ.

ಈಗ ಅಂಗಡಿಗೆ ಹೋಗೋಣ. ಅಲ್ಲಿ ಐದಾರು ಬಗೆಯ ಫಿಲ್ಟರುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಪೆಟ್ಟಿಗೆಯ ಮೇಲೆ ‘ಕ್ರಿಸ್ಟಲ್ ಕ್ಲಿಯರ್’ ಎಂದು ಬರೆದಿರುತ್ತದೆ. ನೀವು ಕೇಳಬೇಕಾದ ಪ್ರಶ್ನೆ ಬೇರೆ. ಇದರೊಳಗೆ ಬ್ಯಾಕ್ಟೀರಿಯಾ ಅಂಟಿಕೊಂಡು ಬದುಕಲು ಎಷ್ಟು ಜಾಗವಿದೆ? ಗೊರೂರಿನ ಹೊಳೆಯಲ್ಲಿ ನೋಡಿದ ಜಾರುವ ಕಲ್ಲನ್ನು ನೆನಪಿಸಿಕೊಳ್ಳಿ. ಸ್ಪಂಜಿನ ರಂಧ್ರಗಳು, ಸೆರಾಮಿಕ್ ಉಂಗುರಗಳು, ಪ್ಲಾಸ್ಟಿಕ್ ಚೆಂಡುಗಳು ಇವೆಲ್ಲ ಆ ಕಲ್ಲಿನ ಬದಲಿಗೆ ಇಟ್ಟಂಥವು. ತೆಳ್ಳನೆಯ ಒಂದೇ ಪ್ಯಾಡು ಇರುವ ಫಿಲ್ಟರ್ ಎಷ್ಟೇ ಚೆಂದವಾಗಿದ್ದರೂ ಅದನ್ನು ಪಕ್ಕಕ್ಕೆ ಸರಿಸಿ.

ಮೊದಲ ಸಲ ಮೀನು ಸಾಕುವವರಿಗೆ ನನ್ನ ಮಟ್ಟಿಗೆ ಸ್ಪಂಜ್ ಫಿಲ್ಟರಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಒಂದು ಸ್ಪಂಜು, ಒಂದು ಕೊಳವೆ, ಹೊರಗೊಂದು ಏರ್ ಪಂಪ್, ಅಷ್ಟೇ. ಗುಳ್ಳೆಗಳು ಮೇಲೇರುವಾಗ ನೀರು ಸ್ಪಂಜಿನ ಮೂಲಕ ಎಳೆದುಕೊಂಡು ಬರುತ್ತದೆ. ಅಗ್ಗ. ಕೆಡುವ ಭಾಗಗಳು ಕಡಿಮೆ. ಮರಿ ಮೀನುಗಳು ಒಳಗೆ ಸಿಕ್ಕಿ ಸಾಯುವುದಿಲ್ಲ. ಗಪ್ಪಿ, ಮೊಲ್ಲಿ ಸಾಕುವವರಿಗೆ ಇದು ದೊಡ್ಡ ಅನುಕೂಲ. ಫೈಟರ್ ಮೀನಿಗೂ ಇದೇ ಸರಿ, ಅದಕ್ಕೆ ಜೋರಾದ ಹರಿವು ಹಿಡಿಸದು. ನೋಡಲು ಅಂದವಿಲ್ಲ, ಗುಳುಗುಳು ಸದ್ದು ಮಾಡುತ್ತದೆ ಎಂಬ ದೂರು ಇದೆ, ಅದು ನಿಜವೇ. ಒಂದು ಎಚ್ಚರಿಕೆ: ಏರ್ ಪಂಪನ್ನು ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವೇ ಕೊಳವೆಗೆ ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್ ಹಾಕಿಸಿ. ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಇಳಿದು ಪಂಪಿಗೆ, ಅಲ್ಲಿಂದ ಸ್ವಿಚ್ ಬೋರ್ಡಿಗೆ ಹೋದರೆ ಅಪಾಯ.

ನೀರಿನೊಳಗೇ ಮುಳುಗಿಸಿಡುವ ಮೋಟಾರಿನ ಫಿಲ್ಟರ್ ಕಸ ಎಳೆಯುವುದರಲ್ಲಿ ಚುರುಕು. ಎರಡು, ಮೂರು ಅಡಿಯ ತೊಟ್ಟಿಗೆ ಸಾಕು. ತೊಟ್ಟಿಯ ಅಂಚಿಗೆ ನೇತುಹಾಕುವುದು, ಮುಚ್ಚಳದ ಮೇಲೆ ಪೆಟ್ಟಿಗೆಯಂತೆ ಕೂರುವುದು, ಇವೆರಡರಲ್ಲೂ ಉಂಗುರ, ಸ್ಪಂಜು ತುಂಬಲು ಜಾಗ ಹೆಚ್ಚು. ತೊಳೆಯಲು ಕೈ ಮುಳುಗಿಸಬೇಕಾಗಿಲ್ಲ. ದೊಡ್ಡ ತೊಟ್ಟಿಯವರು ಕ್ಯಾನಿಸ್ಟರ್ ಕೊಳ್ಳುತ್ತಾರೆ. ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಬಿಚ್ಚಿ ತೊಳೆಯುವುದು ಸಾಹಸ. ಸಾಹಸವಾದ್ದರಿಂದ ತಿಂಗಳುಗಟ್ಟಲೆ ಯಾರೂ ಬಿಚ್ಚುವುದಿಲ್ಲ. ಜಲ್ಲಿಕಲ್ಲಿನ ಕೆಳಗೆ ಪ್ಲಾಸ್ಟಿಕ್ ತಟ್ಟೆ ಹಾಸುವ ಹಳೆಯ ಪದ್ಧತಿಯೂ ಇದೆ. ಹೊಳೆಯ ತಳಕ್ಕೆ ಅತಿ ಹತ್ತಿರವಾದದ್ದು ಅದೇ, ಆದರೆ ತಟ್ಟೆಯ ಅಡಿಯಲ್ಲಿ ಕಟ್ಟಿಕೊಂಡ ಕೊಳೆಯನ್ನು ತೆಗೆಯಬೇಕಾದರೆ ಇಡೀ ತೊಟ್ಟಿಯನ್ನೇ ಕಳಚಬೇಕು.

ಅಳತೆಯ ಮಾತು. ತೊಟ್ಟಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 60, 30, 30 ಆದರೆ 54 ಲೀಟರ್. ಗಂಟೆಗೆ ಅದರ ನಾಲ್ಕರಿಂದ ಆರು ಪಟ್ಟು ನೀರು ಫಿಲ್ಟರಿನ ಮೂಲಕ ಹಾದುಹೋಗಬೇಕು. ಅಂದರೆ ಸುಮಾರು 220ರಿಂದ 320 ಲೀಟರ್. ಪೆಟ್ಟಿಗೆಯ ಮೇಲಿನ ಅಂಕೆಯನ್ನು ಪೂರ್ತಿ ನಂಬಬೇಡಿ, ಸ್ಪಂಜಿನಲ್ಲಿ ಕಸ ತುಂಬಿದಂತೆ ಹರಿವು ಕಡಿಮೆಯಾಗುತ್ತದೆ. ಸ್ವಲ್ಪ ದೊಡ್ಡದನ್ನೇ ಕೊಳ್ಳಿ. ಕರೆಂಟಿನ ಬಿಲ್ಲಿನ ಭಯ ಬೇಡ. 10 ವ್ಯಾಟಿನ ಫಿಲ್ಟರ್ ಹಗಲೂ ರಾತ್ರಿ ಓಡಿದರೂ ತಿಂಗಳಿಗೆ ಏಳು ಯೂನಿಟ್ ಆಗಬಹುದು.

ಹಗಲೂ ರಾತ್ರಿ ಎಂದದ್ದು ಬೇಕೆಂದೇ. ರಾತ್ರಿ ಸದ್ದಾಗುತ್ತದೆಂದು ಸ್ವಿಚ್ ಆರಿಸುವ ಮನೆಗಳು ಬಹಳ. ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. ಹರಿವು ಗಂಟೆಗಟ್ಟಲೆ ನಿಂತರೆ ಅವು ಸಾಯತೊಡಗುತ್ತವೆ. ಹೊಳೆ ರಾತ್ರಿ ನಿಲ್ಲುತ್ತದೆಯೇ? ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ಬ್ಯಾಟರಿಯಿಂದ ನಡೆಯುವ ಚಿಕ್ಕ ಏರ್ ಪಂಪ್ ಒಂದಿರಲಿ.

ಎಲ್ಲಕ್ಕಿಂತ ಹೆಚ್ಚು ಮೀನುಗಳು ಸಾಯುವುದು ಶುಚಿತ್ವದ ಹೆಸರಿನಲ್ಲಿ. ಈದ್‌ಗೆ ಸಿಕ್ಕ ಹಣದಲ್ಲಿ ಮಕ್ಕಳು ಹಟ ಹಿಡಿದು ತೊಟ್ಟಿ ಕೊಳ್ಳುತ್ತಾರೆ. ಒಂದು ತಿಂಗಳಲ್ಲಿ ಅದನ್ನು ತೊಳೆಯುವ ಕೆಲಸ ತಾಯಿಯ ತಲೆಗೆ ಬರುತ್ತದೆ. ಅವಳು ಪಾತ್ರೆ ತೊಳೆಯುವ ಶ್ರದ್ಧೆಯಿಂದಲೇ ಎಲ್ಲ ನೀರನ್ನು ಚೆಲ್ಲಿ, ಕಲ್ಲುಗಳನ್ನು ಉಜ್ಜಿ, ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಬಿಳಿ ಮಾಡುತ್ತಾಳೆ. ನಲ್ಲಿ ನೀರಿನ ಕ್ಲೋರಿನ್ ನಮ್ಮನ್ನು ಕಾಯಿಲೆಯಿಂದ ಕಾಪಾಡುವುದು ಬ್ಯಾಕ್ಟೀರಿಯಾವನ್ನು ಕೊಂದು. ಸ್ಪಂಜಿನಲ್ಲಿದ್ದದ್ದನ್ನೂ ಅದು ಕೊಲ್ಲುತ್ತದೆ. ತೊಟ್ಟಿ ಫಳಫಳ ಹೊಳೆಯುತ್ತದೆ, ಮೂರನೆಯ ದಿನ ಮೀನು ತೇಲುತ್ತದೆ. ಮಕ್ಕಳು ಅಳುತ್ತಾರೆ. ಅಷ್ಟು ಚೆನ್ನಾಗಿ ತೊಳೆದರೂ ಹೀಗಾಯಿತಲ್ಲ ಎಂದು ಅವಳು ಕೊರಗುತ್ತಾಳೆ. ಆಕೆಗೆ ಯಾರಾದರೂ ಹೇಳಬೇಕಿತ್ತು: ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಎರಡು ಮೂರು ಸಲ ಹಿಂಡಿದರೆ ಸಾಕು. ಅದು ಕಂದು ಬಣ್ಣದಲ್ಲೇ ಇರಲಿ. ಎರಡು ಸ್ಪಂಜುಗಳಿದ್ದರೆ ಒಂದೇ ದಿನ ಎರಡನ್ನೂ ತೊಳೆಯಬೇಡಿ. ಹಿಂಡಿದ ನೀರನ್ನು ಗಿಡಗಳಿಗೆ ಹಾಕಿ, ಮಲ್ಲಿಗೆ ಬಳ್ಳಿಗೆ ಒಳ್ಳೆಯ ಗೊಬ್ಬರ.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ತೊಟ್ಟಿಗೆ ಹರಿವು ಕೊಡಲು ನಮಗಿರುವ ದಾರಿ ಅದೊಂದೇ, ಎಂಥ ಫಿಲ್ಟರೂ ಇದರ ಬದಲಿಗೆ ನಿಲ್ಲುವುದಿಲ್ಲ. ಹೊಸ ನೀರನ್ನು ಹಿಂದಿನ ದಿನವೇ ಅಗಲ ಬಾಯಿಯ ಬಕೆಟ್ಟಿನಲ್ಲಿ ಹಿಡಿದು ತೆರೆದಿಟ್ಟರೆ ಕ್ಲೋರಿನ್ ಆರಿಹೋಗುತ್ತದೆ. ಅವಸರವಾದರೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ಹನಿಗಳನ್ನು ಹಾಕಿ.

ಹೊಸ ತೊಟ್ಟಿಯವರಿಗೆ ಇನ್ನೊಂದು ಮಾತು. ಫಿಲ್ಟರ್ ಕೊಂಡ ದಿನ ಅದು ಬರಿಯ ಸ್ಪಂಜು. ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ, ಫಿಲ್ಟರ್, ಹತ್ತು ಮೀನು ಎಲ್ಲವನ್ನೂ ಒಂದೇ ಸಂಜೆ ತಂದರೆ ಆ ಮೀನುಗಳು ತಮ್ಮದೇ ಅಮೋನಿಯಾದಲ್ಲಿ ಉಸಿರಾಡಬೇಕಾಗುತ್ತದೆ. ಒಂದೆರಡು ಗಟ್ಟಿ ಮೀನಿನಿಂದ ಶುರು ಮಾಡಿ, ತೀರ ಕಡಿಮೆ ಆಹಾರ ಹಾಕಿ. ನೆರೆಮನೆಯಲ್ಲಿ ಆರೋಗ್ಯವಾದ ಹಳೆಯ ತೊಟ್ಟಿಯಿದ್ದರೆ ಅವರ ಫಿಲ್ಟರಿನ ಒಂದು ತುಂಡು ಸ್ಪಂಜನ್ನು ಕೇಳಿ ತನ್ನಿ. ಮೊಸರಿಗೆ ಹೆಪ್ಪು ಕೇಳಿ ತರುವುದಿಲ್ಲವೇ, ಹಾಗೆ.

ಆಹಾರದ ಮಾತು ಬಂದದ್ದರಿಂದ ಗೊರೂರಿನಿಂದ ಅರಕಲಗೂಡು ದಾಟಿ ರಾಮನಾಥಪುರದವರೆಗೂ ಹೋಗಿ ಬನ್ನಿ. ಅದು ಕಾವೇರಿ ದಂಡೆಯ ಊರು. ಹೊಳೆಯ ಒಂದು ಮಡುವಿನಲ್ಲಿ ಮೀನು ಹಿಡಿಯುವಂತಿಲ್ಲ. ದೊಡ್ಡ ದೊಡ್ಡ ಮಹಶೀರ್ ಮೀನುಗಳು ದಡದವರೆಗೂ ಬರುತ್ತವೆ, ಬಂದವರು ಪುರಿ ಎಸೆಯುತ್ತಾರೆ. ಅಲ್ಲಿ ಉಳಿದದ್ದನ್ನು ಹೊಳೆ ಒಯ್ಯುತ್ತದೆ. ಮನೆಯ ತೊಟ್ಟಿಯಲ್ಲಿ ಒಯ್ಯುವವರಿಲ್ಲ. ಎರಡು ನಿಮಿಷದಲ್ಲಿ ತಿಂದು ಮುಗಿಯುವಷ್ಟು, ದಿನಕ್ಕೆ ಒಂದು ಅಥವಾ ಎರಡು ಸಲ, ಅಷ್ಟೇ ಹಾಕಿ. ಗೋಲ್ಡ್‌ಫಿಶ್ ತಿನ್ನುವುದೂ ಹೆಚ್ಚು, ಹೊರಹಾಕುವುದೂ ಹೆಚ್ಚು. ಗುಂಡನೆಯ ಗಾಜಿನ ಬೋಗುಣಿಯಲ್ಲಿ ಅದನ್ನು ಇಡುವುದು ನಿಧಾನವಾಗಿ ಕೊಂದಂತೆಯೇ.

ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಮಹಶೀರ್ ಒಂದಿದೆ, ಬೆನ್ನು ಗೂನಾಗಿರುವ ಜಾತಿ. 2018ರಲ್ಲಿ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಬೇರೆ ಹೊಳೆಯ ಮಹಶೀರ್ ಮರಿಗಳನ್ನು ಕಾವೇರಿಗೆ ತಂದು ಬಿಟ್ಟದ್ದೂ ಅದರ ಇಳಿಕೆಗೆ ಒಂದು ಕಾರಣವೆಂದು ಅಧ್ಯಯನ ಮಾಡಿದವರು ಹೇಳುತ್ತಾರೆ. ಇದಕ್ಕೂ ನಿಮ್ಮ ಫಿಲ್ಟರಿಗೂ ಏನು ಸಂಬಂಧ ಎನ್ನುವಿರಾ? ಫಿಲ್ಟರ್ ಕೊಳ್ಳುವ ಬದಲು ‘ಸಕ್ಕರ್ ಮೀನು ಒಂದನ್ನು ಬಿಡಿ, ಅದೇ ತೊಟ್ಟಿಯನ್ನು ಸ್ವಚ್ಛ ಮಾಡುತ್ತದೆ’ ಎಂದು ಹಲವು ಅಂಗಡಿಗಳಲ್ಲಿ ಹೇಳುತ್ತಾರೆ. ಮೈ ತುಂಬ ಚುಕ್ಕೆಗಳಿರುವ, ಗಾಜಿಗೆ ಬಾಯಿ ಅಂಟಿಸಿ ನಿಲ್ಲುವ ಮೀನು ಅದು. ದಕ್ಷಿಣ ಅಮೆರಿಕದ್ದು. ಗಾಜಿನ ಪಾಚಿಯನ್ನು ಸ್ವಲ್ಪ ಕೆರೆಯುತ್ತದೆ ನಿಜ, ಅದಕ್ಕಿಂತ ಹೆಚ್ಚು ಗಲೀಜು ಮಾಡುತ್ತದೆ. ಅಮೋನಿಯಾ ಕಡಿಮೆ ಮಾಡುವುದಂತೂ ಸಾಧ್ಯವೇ ಇಲ್ಲ, ಅದೂ ಮೀನೇ ತಾನೆ. ಎರಡು ಬೆರಳಿನಷ್ಟಿದ್ದದ್ದು ಒಂದು ಅಡಿ ದಾಟುತ್ತದೆ. ಆಗ ಮನೆಯವರು ಅದನ್ನು ಪಾಪವೆಂದು ಕೆರೆಗೋ ಹೊಳೆಗೋ ಬಿಟ್ಟು ಬರುತ್ತಾರೆ. ಕೇರಳ, ಆಂಧ್ರ, ಬಂಗಾಳದ ಕೆರೆ, ಕಾಲುವೆಗಳಲ್ಲಿ ಇದು ಹೀಗೆಯೇ ಸೇರಿಕೊಂಡಿದೆ. ಮೊಟ್ಟೆಯಿಡಲು ದಡವನ್ನು ಕೊರೆಯುತ್ತದೆ, ಬೆಸ್ತರ ಬಲೆಯನ್ನು ಹರಿಯುತ್ತದೆ, ತಿನ್ನಲು ಯಾರಿಗೂ ಬೇಡ. ಗೊರೂರಿನ ಕೆಳಗೆ ಹೊಳೆಗೆ ಬಿಟ್ಟದ್ದು ಕೃಷ್ಣರಾಜಸಾಗರದವರೆಗೂ ಈಜಬಲ್ಲದು. ಸಾಕಲಾಗದ ಮೀನನ್ನು ಅಂಗಡಿಗೇ ಹಿಂದಿರುಗಿಸಿ, ಇಲ್ಲವೇ ದೊಡ್ಡ ತೊಟ್ಟಿಯಿರುವ ಪರಿಚಯಸ್ಥರಿಗೆ ಕೊಡಿ.

ಗೊರೂರಿಗೆ ಹೊರಡುವುದಾದರೆ, ತುಂಬಿದ ಕಟ್ಟೆ ನೋಡಲು ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ ಒಳ್ಳೆಯ ಸಮಯ. ಹೊಳೆಯ ಕಲ್ಲು ಮುಟ್ಟಿ ನೋಡಲು ಫೆಬ್ರವರಿ, ಮಾರ್ಚ್. ಹಾಸನದಲ್ಲಿ ಉಳಿದುಕೊಂಡರೆ ಶೆಟ್ಟಿಹಳ್ಳಿ, ಗೊರೂರು, ರಾಮನಾಥಪುರ ಮೂರನ್ನೂ ಎರಡು ದಿನದಲ್ಲಿ ನೋಡಬಹುದು. ಮನೆಯಿಂದ ಹೊರಡುವ ಮುಂಚೆ ಗ್ಯಾಸ್ ಆಫ್ ಮಾಡಿ, ನಲ್ಲಿ ತಿರುಗಿಸಿ, ದೀಪ ಆರಿಸಿ. ಫಿಲ್ಟರಿನ ಸ್ವಿಚ್ ಮಾತ್ರ ಆನ್ ಇರಲಿ. ನಾಲ್ಕು ದಿನಕ್ಕಾಗುವಷ್ಟು ಆಹಾರವನ್ನು ಒಟ್ಟಿಗೆ ಸುರಿದು ಹೋಗಬೇಡಿ. ಆರೋಗ್ಯವಾಗಿರುವ ದೊಡ್ಡ ಮೀನು ಮೂರ್ನಾಲ್ಕು ದಿನ ಹಸಿದಿದ್ದರೆ ಏನೂ ಆಗುವುದಿಲ್ಲ. ಪಕ್ಕದ ಮನೆಯವರ ಕೈಗೆ ಬೀಗದ ಕೈ ಕೊಡುವಿರಾದರೆ, ಮೀನಿನ ಆಹಾರದ ಡಬ್ಬಿಯನ್ನು ಮಾತ್ರ ಎತ್ತಿಟ್ಟು ಹೋಗಿ. ಪ್ರೀತಿಯಿಂದ ಹಿಡಿ ಹಿಡಿ ಹಾಕಿಬಿಡುತ್ತಾರೆ.